ಬೋಣಿಗೆ ಮುಂಚಿನ ಹೌದು

ಹೊಸದಾಗಿ ಸರ್ವೆ ಕೆಲಸಕ್ಕೆ ಸೇರಿರುವ ಮಕ್ಕಳಿಗೆ ನಿಮ್ಮ ಅನುಭವದ ನಾಲ್ಕು ಮಾತು ಹೇಳಿ ಎಂದು ನಮ್ಮ ಹಳೆಯ ಕಂಪನಿಯವರು ಹೋದ ತಿಂಗಳು ಫೋನ್ ಮಾಡಿದ್ದರು. ಎಷ್ಟು ಹೊತ್ತು ಮಾತಾಡಬೇಕಪ್ಪ ಎಂದು ಕೇಳಿದೆ. ಹತ್ತು ನಿಮಿಷ ಮೇಡಂ, ಅದರಲ್ಲೇ ಕೊನೆಗೆ ಫೀಡ್‌ಬ್ಯಾಕ್ ಫಾರಂ ತುಂಬಿಸಬೇಕು ಎಂದರು. ಜೀವಮಾನವೆಲ್ಲ ಫಾರಂ ತುಂಬಿಸಿ ಸಾಕಾದವಳು ನಾನು. ಈಗ ನಾನು ಮಾತಾಡಿದ್ದು ಒಂದರಿಂದ ಐದರಲ್ಲಿ ಎಷ್ಟು ಚೆನ್ನಾಗಿತ್ತು ಎಂದು ಇನ್ನೊಂದು ಫಾರಂ! ಬೇಡ, ಬರೆದೇ ಕೊಡುತ್ತೇನೆ ಎಂದೆ. ಇದು ಆ ಬರಹ. ಅವರು ಇದನ್ನು ಓದುತ್ತಾರೆಂಬ ನಂಬಿಕೆ ನನಗಿಲ್ಲ, ನೀವಾದರೂ ಓದಿ.

ನನ್ನ ಹೆಸರು ಪಂಕಜಾ, ಊರು ಹಾರನಹಳ್ಳಿ. ಅರಸೀಕೆರೆ, ಬೇಲೂರು, ಹಳೇಬೀಡು ಕಡೆ ಅಂಗಡಿ ಅಂಗಡಿ ಸುತ್ತಿ ಪ್ರಶ್ನೆ ಕೇಳುವುದೇ ನನ್ನ ಉದ್ಯೋಗವಾಗಿತ್ತು. ಸರ್ವೆ ಎಂದರೆ ನಮ್ಮ ಕಡೆ ಜಮೀನು ಅಳೆಯುವುದು ಎಂದೇ ಲೆಕ್ಕ. ಕಣಕಟ್ಟೆಯ ಗೌಡರೊಬ್ಬರು "ಚೈನು ಎಲ್ಲವ್ವ?" ಎಂದು ಕೇಳಿದ್ದರು. ಅಳೆಯುವುದು ಜಮೀನಲ್ಲ, ಜನರ ಮನಸ್ಸು ಎಂದು ಕಂಪನಿಯವರು ಬಾಯಿಪಾಠ ಮಾಡಿಸಿದ್ದನ್ನೇ ಒಪ್ಪಿಸಿದೆ. "ಅದ್ಕಿಂತ ಜಮೀನು ಅಳೆಯಾದೇ ವಾಸಿ" ಎಂದರು ಗೌಡರು. ಅವರ ಮಾತು ಸರಿ ಎಂದು ಗೊತ್ತಾಗುವ ಹೊತ್ತಿಗೆ ನನ್ನ ಮಂಡಿಚಿಪ್ಪು ಸವೆದಿತ್ತು. ಯಾವಾಗ ಸೀನಿಯರ್ ಆದೆ, ಯಾವಾಗ ಸೂಪರ್‌ವೈಸರ್ ಆದೆ ಎಂಬುದೆಲ್ಲ ನಿಮಗೆ ಬೇಡ. ಅದರಿಂದ ನಡೆಯುವುದೇನೂ ಕಡಿಮೆಯಾಗಲಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಟೀ ಪುಡಿ ಸರ್ವೆ ಬಂತು. ಹೊಸ ಪುಡಿಯೊಂದು ಅರಸೀಕೆರೆಯ ಅಂಗಡಿಗಳಲ್ಲಿ ಇದೆಯೇ, ಗಿರಾಕಿಗಳು ಅದನ್ನು ಕೇಳುತ್ತಾರೆಯೇ ಎಂದು ವಿಚಾರಿಸಬೇಕು. ನಾನು ಹುರುಪಿನ ಮೇಲೆ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಂತೆ. ಗಲ್ಲಾಪೆಟ್ಟಿಗೆಗೆ ಊದುಬತ್ತಿ ಬೆಳಗುತ್ತಲೇ ಎಲ್ಲರೂ ಹೌದು ಎಂದರು. ಇದೆ, ಕೇಳುತ್ತಾರೆ, ಚೆನ್ನಾಗಿ ಹೋಗುತ್ತೆ. ಒಬ್ಬರ ಬಾಯಲ್ಲೂ ಇಲ್ಲ ಎಂಬ ಮಾತಿಲ್ಲ. ನಾನು ಎಂಥ ಪುಣ್ಯವಂತೆ ಎಂದುಕೊಂಡು ಕಾಗದದ ಕಟ್ಟನ್ನು ತಂದು ನರಸಿಂಹಯ್ಯನವರ ಮುಂದಿಟ್ಟೆ. ಅವರು ನನ್ನ ಮೊದಲ ಮೇಲಧಿಕಾರಿ. ಪಂಚೆ, ಕೋಟು, ಮೂಗಿನ ತುದಿಗೆ ಕನ್ನಡಕ. ಮುಂಗೋಪಿ ಎಂದರೆ ಮುಂಗೋಪಿ.

"ಎಷ್ಟೊತ್ತಿಗೆ ಹೋಗಿದ್ದೆ?"

"ಬೆಳಿಗ್ಗೆನೇ ಸಾರ್, ಬಾಗಿಲು ತೆಗೆಯೋ ಹೊತ್ತಿಗೆ."

"ಬೋಣಿ ಆಗಿತ್ತೇನಮ್ಮ?"

"ಅದನ್ನ ಕೇಳೋ ಪ್ರಶ್ನೆ ಇರಲಿಲ್ಲ ಸಾರ್."

"ಪ್ರಶ್ನೆ ಇರಲಿಲ್ಲವಂತೆ! ಮೊದಲನೇ ವ್ಯಾಪಾರ ಆಗಿ ಕಾಸು ಕೈಗೆ ಬೀಳೋ ಮುಂಚೆ ಯಾವ ಅಂಗಡಿಯವನಾದ್ರೂ ಬಾಯಿ ಬಿಟ್ಟು ಇಲ್ಲ ಅಂತಾನೇನೇ? ಇಲ್ಲ ಅಂದ್ರೆ ದಿನವೆಲ್ಲ ಇಲ್ಲ ಅಂತಲೇ ಆಗುತ್ತೆ ಅಂತ ಅವನಿಗೆ ಭಯ. ನೀನು ಆನೆ ಇದೆಯೇನ್ರಿ ಅಂದಿದ್ರೂ ಇದೆ, ಸಾಯಂಕಾಲ ಬನ್ನಿ ಅಂತಿದ್ದ."

ಮಾರನೆಯ ದಿನ ಅವರೇ ನನ್ನನ್ನು ಕರೆದುಕೊಂಡು ಅದೇ ಅಂಗಡಿಗಳಿಗೆ ಹೋದರು. ಮೊದಲನೆಯ ಅಂಗಡಿಯಲ್ಲಿ ಒಂದು ಬಾಚಣಿಗೆ ಕೊಂಡರು. ಅಂಗಡಿಯವನು ಕಾಸನ್ನು ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿದ ಮೇಲೆ ಟೀ ಪುಡಿಯ ಮಾತೆತ್ತಿದರು. ನಿನ್ನೆ ಚೆನ್ನಾಗಿ ಹೋಗುತ್ತೆ ಎಂದಿದ್ದವನೇ "ಆ ಪುಡಿನಾ? ನಾಯಿನೂ ಮೂಸಲ್ಲ ಸ್ವಾಮಿ" ಎಂದ. ಹೊರಗೆ ಬಂದು ಬಾಚಣಿಗೆಯನ್ನು ನನ್ನ ಕೈಗಿಟ್ಟು, "ಮೊದಲು ಬೋಣಿ ಮಾಡು, ಆಮೇಲೆ ಬಾಯಿ ಬಿಡಿಸು" ಎಂದರು. ನನಗೆ ಸಿಕ್ಕ ತರಬೇತಿ ಅಂದರೆ ಅಷ್ಟೇ. ಅದಾದ ಮೇಲೆ ಬೆಂಗಳೂರಿನಲ್ಲಿ ಎಷ್ಟೋ ತರಬೇತಿಗಳಿಗೆ ಕಳಿಸಿದರು. ಅಲ್ಲಿ ಊಟ ಚೆನ್ನಾಗಿರುತ್ತಿತ್ತು.

ಅಂದಿನಿಂದ ನಾನು ಬೆಳಗಿನ ಅಂಗಡಿಗೆ ಬರಿಗೈಯಲ್ಲಿ ಹೋದವಳಲ್ಲ. ಬಾಚಣಿಗೆ, ಪಿನ್ನು, ಸೂಜಿ, ಸೀಗೆಪುಡಿ, ಏನೋ ಒಂದು. ಮನೆಯ ಬೀರುವಿನ ಕೆಳಗಿನ ಖಾನೆ ಇವುಗಳಿಂದಲೇ ತುಂಬಿಹೋಗಿತ್ತು. ನಮ್ಮ ಯಜಮಾನರು ಬೋಳುತಲೆ ಸವರಿಕೊಂಡು, "ಇರೋ ನಾಲ್ಕು ಕೂದಲಿಗೆ ಇಷ್ಟೊಂದು ಬಾಚಣಿಗೆ ತಂದು ಅಣಕಿಸ್ತೀಯೇನೇ" ಎನ್ನುತ್ತಿದ್ದರು. ಅಣಕಿಸೋಕೇ ತಂದಿದ್ದು ಎನ್ನುತ್ತಿದ್ದೆ. ಇಷ್ಟು ವರ್ಷ ನಾನು ಬರೆದುಕೊಂಡು ಬಂದ ಉತ್ತರಗಳು ನಿಜವಾಗಿದ್ದರೆ ಅದಕ್ಕೆ ಆ ಬಾಚಣಿಗೆಗಳೇ ಕಾರಣ.

ಆಮೇಲೆ ಕಾಗದ ಹೋಗಿ ಟ್ಯಾಬ್ ಬಂತು. ಟ್ಯಾಬ್ ಬಂದದ್ದು ಒಳ್ಳೆಯದೇ, ಹೆಗಲಿನ ಭಾರ ಇಳಿಯಿತು. ಆದರೆ ಅದರ ಜೊತೆಯಲ್ಲಿ ರೂಲುಗಳೂ ಬಂದವು. ನಾನು ಎಲ್ಲಿ ನಿಂತಿದ್ದೇನೆ ಎಂದು ಅದು ಬೆಂಗಳೂರಿಗೆ ಹೇಳುತ್ತದೆ. ಎಷ್ಟು ಹೊತ್ತಿಗೆ ಮಾತಾಡಿದೆ ಎಂದು ಹೇಳುತ್ತದೆ. ಮಾತನ್ನೂ ರೆಕಾರ್ಡ್ ಮಾಡಿಕೊಳ್ಳುತ್ತದೆ. ಉತ್ತರ ಕೊಡುವವರಿಂದ ಏನನ್ನೂ ಕೊಳ್ಳಕೂಡದು, ಕೊಂಡರೆ ಉತ್ತರಕ್ಕೆ ಲಂಚ ಕೊಟ್ಟ ಹಾಗೆ, ಕೆಲಸದಿಂದ ತೆಗೆಯುತ್ತೇವೆ ಎಂಬುದು ಒಂದು ರೂಲು. ದಿನದ ಹೆಚ್ಚು ಪಾಲು ಕೆಲಸ ಬೆಳಿಗ್ಗೆಯೇ ಮುಗಿಯಬೇಕು ಎಂಬುದು ಇನ್ನೊಂದು. ಯಾಕೆಂದರೆ ಬೆಳಿಗ್ಗೆ ಹೊತ್ತು ಹೋದರೆ ಯಾರೂ ಆಗಲ್ಲ ಎನ್ನುವುದಿಲ್ಲ ಎಂದು ಅವರ ಕಂಪ್ಯೂಟರ್ ಕಂಡುಹಿಡಿದಿತ್ತಂತೆ. ಅಲ್ಲ ಸ್ವಾಮಿ, ಅದಕ್ಕೆ ಕಂಪ್ಯೂಟರ್ ಬೇಕಿತ್ತೆ? ಕಂಡುಹಿಡಿದ ಮೇಲಾದರೂ ಯಾಕೆ ಅನ್ನುವುದಿಲ್ಲ ಎಂದು ಯಾರಾದರೂ ಕೇಳಬೇಡವೆ? ಈ ಎರಡು ರೂಲನ್ನೂ ಒಟ್ಟಿಗೆ ಪಾಲಿಸಿದರೆ ಏನಾಗುತ್ತದೆ ಎಂದು ನಾನು ಪ್ರತಿ ಮೀಟಿಂಗಿನಲ್ಲೂ ಬಡಕೊಂಡೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೊನೆಗೆ ನಾನೊಂದು ಉಪಾಯ ಮಾಡಿಕೊಂಡೆ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಕೂತು ಪೇಪರ್ ಓದುವುದು, ಮಧ್ಯಾಹ್ನ ಎಲ್ಲರ ಬೋಣಿ ಮುಗಿದ ಮೇಲೆ ಅಂಗಡಿಗೆ ಹೋಗುವುದು.

ಹೀಗಿರುವಾಗ, ನಾನು ಇನ್ನೇನು ನಿವೃತ್ತಿಯಾಗಬೇಕು ಎನ್ನುವ ಹೊತ್ತಿಗೆ, 'ವ್ಯಾಪಾರದಲ್ಲಿ ದತ್ತಾಂಶದ ಬಳಕೆ' ಎಂಬ ಸರ್ವೆ ಬಂದು ವಕ್ಕರಿಸಿತು. ಅಂಗಡಿ, ಲಾಡ್ಜು, ಎಣ್ಣೆಗಾಣ, ಕೊಬ್ಬರಿ ಮಂಡಿ, ಎಲ್ಲ ಕಡೆ ಕೇಳಬೇಕು. ನಿಮ್ಮ ವ್ಯವಹಾರದಲ್ಲಿ ದತ್ತಾಂಶ ಬಳಸುತ್ತೀರಾ? ನಿಮ್ಮಲ್ಲಿ ದತ್ತಾಂಶ ವಿಶ್ಲೇಷಕರು, ಅಂದರೆ ಡೇಟಾ ಅನಲಿಸ್ಟ್, ಇದ್ದಾರೆಯೇ? ಇಲ್ಲದಿದ್ದರೆ ನೇಮಿಸಿಕೊಳ್ಳುವ ಇರಾದೆ ಇದೆಯೇ? ನಿಮ್ಮ ಸಂಸ್ಥೆಯಲ್ಲಿ ದತ್ತಾಂಶ ಆಧಾರಿತ ನಿರ್ಣಯ ಸಂಸ್ಕೃತಿಯ ಮಟ್ಟವನ್ನು ಒಂದರಿಂದ ಐದರಲ್ಲಿ ಗುರುತಿಸಿ. ಈ ಕೊನೆಯದನ್ನು ಒಂದೇ ಉಸಿರಿಗೆ ಓದಲು ನನಗೇ ಒಂದು ವಾರ ಹಿಡಿಯಿತು.

ಡೇಟಾ ಅಂದರೆ ಜನ ಮೊಬೈಲ್ ರೀಚಾರ್ಜ್ ಅಂದುಕೊಂಡರು ಎಂದು ಆಫೀಸಿನಲ್ಲಿ ನಗುತ್ತಿದ್ದರು. ನೀವು ಆ ಹಾಸ್ಯ ಮಾಡಬೇಡಿ, ಜನ ಅಷ್ಟು ದಡ್ಡರಲ್ಲ. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿಯ ಯಜಮಾನರೊಬ್ಬರು ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡು, "ಒಂದು ಒಳ್ಳೇದೋ ಐದು ಒಳ್ಳೇದೋ?" ಎಂದರು. ಐದು ಒಳ್ಳೆಯದು ಎಂದೆ. "ಹಂಗಾದ್ರೆ ಐದು ಹಾಕ್ಕಳಿ. ಬಾಗ್ಲಿಗೆ ಬಂದೋರ ಮುಂದೆ ನಮ್ದು ಕಮ್ಮಿ ಅನ್ನಕ್ಕಾಗುತ್ತಾ?" ಎಂದರು. ನಾನು ಬಿಡಲಿಲ್ಲ. ನೀವು ಕೊಬ್ಬರಿ ಮಾರಬೇಕೋ ಇಟ್ಟುಕೊಳ್ಳಬೇಕೋ ಎಂದು ಹೇಗೆ ತೀರ್ಮಾನ ಮಾಡುತ್ತೀರಿ ಎಂದು ಕೇಳಿದೆ. "ಪಕ್ಕದೋನು ಮಾರಿದ್ರೆ ಮಾರ್ತೀನಿ. ಅವ್ನು ನಾನು ಮಾರ್ಲಿ ಅಂತ ಕಾಯ್ತಿರ್ತಾನೆ" ಎಂದರು. ಅವರಿಗೆ ಒಂದು ಎಂದು ಹಾಕಿದೆ. ಸತ್ಯ ಹೇಳಿದ್ದಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಆ ಸರ್ವೆಯಲ್ಲಿ ಬೇಲೂರು, ಹಳೇಬೀಡಿನ ಕೆಲಸ ಸುಮಾಳದು. ಕಣಕಟ್ಟೆಯ ಹುಡುಗಿ, ಬಿ.ಕಾಂ. ಮಾಡಿ ನನ್ನ ಕೈಕೆಳಗೆ ತಾತ್ಕಾಲಿಕವಾಗಿ ಸೇರಿದ್ದಳು. ಮನೆಯಲ್ಲಿ ತೆಂಗಿನ ತೋಟವಿತ್ತು, ಊಟ ಬಟ್ಟೆಗೆ ಕಷ್ಟವಿರಲಿಲ್ಲ. ಅವಳ ಕಷ್ಟ ಬೇರೆ. ಕಾಯಂ ಕೆಲಸ ಸಿಕ್ಕಿದರೆ ಸರಿ, ಇಲ್ಲದಿದ್ದರೆ ಯುಗಾದಿ ಕಳೆಯುತ್ತಲೇ ಮದುವೆ ಎಂದು ಅವಳಪ್ಪ ಕಡ್ಡಿ ಮುರಿದ ಹಾಗೆ ಹೇಳಿದ್ದರು. ಅವರು ನೋಡಿಟ್ಟಿದ್ದ ಗಂಡು ಅವಳಿಗೆ ಸುತರಾಂ ಇಷ್ಟವಿರಲಿಲ್ಲ. ನನಗೆ ಹುಡುಗಿಯ ಮೇಲೆ ಪ್ರಾಣ. ಚುರುಕು, ಲೆಕ್ಕದಲ್ಲಿ ಬಲು ಜಾಣೆ, ದೊಡ್ಡವರು ಹೇಳಿದ್ದನ್ನೆಲ್ಲ ನಂಬುವ ಒಂದು ದೋಷ ಬಿಟ್ಟರೆ. ನಮ್ಮ ಹಾರನಹಳ್ಳಿಯ ಹಾಲಿನ ಡೈರಿಯಲ್ಲಿ ಲೆಕ್ಕ ನೋಡುವವರು ಬೇಕು ಎಂದಾಗ ನಾನೇ ಅವಳಿಂದ ಅರ್ಜಿ ಹಾಕಿಸಿದೆ. ಸರ್ವೆ ಮುಗಿದು ಸ್ವಲ್ಪ ದಿನಕ್ಕೆ ಆಯ್ಕೆಯೂ ಆಯಿತು. ತಿಂಗಳ ಕೊನೆಯೊಳಗೆ ಬಂದು ಸೇರಿಕೊಳ್ಳಬೇಕು, ಇಲ್ಲದಿದ್ದರೆ ಇನ್ನೊಬ್ಬರನ್ನು ತೆಗೆದುಕೊಳ್ಳುತ್ತೇವೆ ಎಂದು ಸೆಕ್ರೆಟರಿ ಸಿದ್ದೇಗೌಡರು ಹೇಳಿದ್ದರು.

ಸುಮಾ ರೂಲಿನ ಪ್ರಕಾರ ಬೆಳಿಗ್ಗೆಯೇ ಅಂಗಡಿಗಳಿಗೆ ಹೋಗುತ್ತಿದ್ದಳು. ಬೋಣಿ ಮಾಡಿ ಕೇಳೇ ಎಂದರೆ, "ಟ್ಯಾಬಲ್ಲಿ ರೆಕಾರ್ಡ್ ಆಗ್ತಿರುತ್ತೆ ಮೇಡಂ. ಚಿಲ್ಲರೆ ಸದ್ದು ಕೇಳಿದ್ರೂ ಕೆಲಸ ಹೋಯ್ತದೆ" ಎನ್ನುತ್ತಿದ್ದಳು. ಹಾಗಾಗಿ ಅವಳಿಗೆ ಸಿಕ್ಕಿದ್ದೆಲ್ಲ ಹೌದು, ಮಧ್ಯಾಹ್ನ ಹೋಗುವ ನನಗೆ ಸಿಕ್ಕಿದ್ದೆಲ್ಲ ಇಲ್ಲ. ಬೆಂಗಳೂರಿನಿಂದ ನಿಶಾಂತ್ ಫೋನ್ ಮಾಡಿದ. ಅವನು ನಮ್ಮ ಮೇಲಿನ ಮ್ಯಾನೇಜರ್. ವಯಸ್ಸಿನಲ್ಲಿ ನನ್ನ ಮಗನಂತಿದ್ದ, ಮಾತು ಮಾತ್ರ ಬಹಳ ನಯ.

"ಸುಮಾ ಅವರ ಡೇಟಾ ತುಂಬಾ ಪಾಸಿಟಿವ್ ಇದೆ ಮೇಡಂ. ನಿಮ್ದು ಮಾತ್ರ ಯಾಕೆ ಇಷ್ಟು ನೆಗೆಟಿವ್?"

"ನಾನು ಮಧ್ಯಾಹ್ನ ಹೋಗ್ತೀನಿ ಕಣಪ್ಪ. ಬೋಣಿ ಆಗಿರುತ್ತೆ, ನಿಜ ಹೇಳ್ತಾರೆ."

"ಮಧ್ಯಾಹ್ನ ಅವರು ಸುಸ್ತಾಗಿರ್ತಾರೆ ಮೇಡಂ. ಅದಕ್ಕೇ ನೋ ಅಂತಾರೆ."

"ಸುಸ್ತಾದ್ರೆ ಅನಲಿಸ್ಟ್ ಮಾಯ ಆಗ್ತಾನೇನಪ್ಪ? ಬೋಣಿ ಅಂದ್ರೆ ಏನು ಗೊತ್ತಾ ನಿನಗೆ?"

"ಗೊತ್ತು ಮೇಡಂ, ನಮ್ಮಜ್ಜಿ ಹೇಳೋರು. ಆದ್ರೆ ಅದು ನಮ್ಮ ವೇರಿಯಬಲ್ ಲಿಸ್ಟಲ್ಲಿ ಇಲ್ಲ."

ಫೋನನ್ನು ಕೆರೆಗೆ ಎಸೆಯುವಷ್ಟು ಸಿಟ್ಟು ಬಂತು. ಗೊತ್ತಿಲ್ಲದಿದ್ದರೆ ತಿಳಿಸಿ ಹೇಳಬಹುದು, ಗೊತ್ತಿದ್ದೂ ಲಿಸ್ಟಿನಲ್ಲಿಲ್ಲ ಎನ್ನುವವನಿಗೆ ಏನು ಹೇಳುವುದು? ಒಂದು ವಾರ ಬಿಟ್ಟು ವಿಚಾರಿಸಿದರೆ ನನ್ನ ಮಧ್ಯಾಹ್ನದ ಉತ್ತರಗಳನ್ನೆಲ್ಲ 'ಕ್ಲೀನ್' ಮಾಡಿದ್ದಾರೆ ಎಂದು ಗೊತ್ತಾಯಿತು. ಅಂದರೆ ತೆಗೆದುಹಾಕಿದ್ದಾರೆ. ನಮ್ಮ ಮನೆಗಳಲ್ಲಿ ಕ್ಲೀನ್ ಮಾಡುವುದು ಎಂದರೆ ಕಸ ತೆಗೆದು ಕಾಳು ಉಳಿಸಿಕೊಳ್ಳುವುದು. ಇವರದು ತಿರುಗಾಮುರುಗಾ.

ರಿಪೋರ್ಟ್ ಬಂತು. ಈ ಕಡೆಯ ಸಣ್ಣ ಪಟ್ಟಣಗಳಲ್ಲಿ ಡೇಟಾ ಅನಲಿಸ್ಟ್‌ಗಳಿಗೆ ಭಾರಿ ಬೇಡಿಕೆ ಇದೆ ಎಂದು ಅದರ ಸಾರ. ಸರ್ವೆ ಮಾಡಿಸಿದವರು ಕೂಡಲೇ ಅರಸೀಕೆರೆ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಒಂದು ತರಬೇತಿ ಕೇಂದ್ರ ತೆರೆದು, ನಿಮ್ಮೂರಲ್ಲೇ ಉದ್ಯೋಗ ಎಂದು ಬ್ಯಾನರ್ ಕಟ್ಟಿದರು. ಆ ವಾರವೇ ಸುಮಾ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, "ನಾನು ಡೈರಿಗೆ ಸೇರಲ್ಲ ಮೇಡಂ, ಅನಲಿಸ್ಟ್ ಕೋರ್ಸ್‌ಗೆ ಸೇರ್ತೀನಿ" ಎಂದಳು.

"ತಲೆ ಕೆಟ್ಟಿದೆಯೇನೇ ನಿನಗೆ?"

"ರಿಪೋರ್ಟ್ ನೋಡಿಲ್ವಾ ನೀವು? ಬೇಲೂರು, ಹಳೇಬೀಡಲ್ಲಿ ಮುಕ್ಕಾಲು ಪಾಲು ಜನ ಅನಲಿಸ್ಟ್ ಬೇಕು ಅಂದವ್ರಂತೆ."

"ಅಂದವ್ರಂತೆ ಅಲ್ಲ ಕಣೇ, ಅಂದಿದ್ದು ನಿನ್ನ ಹತ್ರನೇ! ಬರ್ಕೊಂಡು ಬಂದೋಳು ನೀನೇ ಅಲ್ವೇನೇ!"

"ನಾನು ಬಿಡಿಬಿಡಿಯಾಗಿ ಬರ್ಕೊಂಡೆ ಮೇಡಂ. ಒಟ್ಟಿಗೆ ನೋಡಿದ್ರೆ ಎಷ್ಟು ಚೆನ್ನಾಗೈತೆ ಗೊತ್ತಾ? ಬಣ್ಣ ಬಣ್ಣದ ಚಕ್ರ ಹಾಕವ್ರೆ."

ತಾನೇ ಹೊತ್ತು ತಂದ ಉತ್ತರ ಬೆಂಗಳೂರಿಗೆ ಹೋಗಿ ಬಣ್ಣ ಹಚ್ಚಿಕೊಂಡು ಬಂದರೆ ಹುಡುಗಿ ಅದನ್ನೇ ನಂಬಿದ್ದಳು. ಬೋಣಿಯ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಿದೆ. ಅವಳು ಸುಮ್ಮನೆ ಕೇಳಿಸಿಕೊಂಡು, "ಎಲ್ಲರೂ ಹೌದು ಅಂತಾವ್ರೆ, ನೀವೊಬ್ರೇ ಇಲ್ಲ ಅಂತೀರ. ನಾನು ಯಾರ ಮಾತು ನಂಬ್ಲಿ?" ಎಂದಳು. ಅಷ್ಟಕ್ಕೂ ಅವಳು ಕಣ್ಣುಮುಚ್ಚಿ ಹೊರಟಿರಲಿಲ್ಲ. ಮೊದಲ ಬಸ್ಸಿಗೆ ಹಳೇಬೀಡಿಗೆ ಹೋಗಿ, ಕೋರ್ಸ್ ಮುಗಿಸಿ ಬಂದರೆ ನನಗೆ ಕೆಲಸ ಕೊಡುತ್ತೀರಾ ಎಂದು ಅಂಗಡಿಯವರನ್ನು ನೇರವಾಗಿ ಕೇಳಿದ್ದಳು. ಹೋದ ಕಡೆಯಲ್ಲೆಲ್ಲ ಆಗಲಿ ಬಾರವ್ವ ಎಂದಿದ್ದರು. ಮೊದಲ ಬಸ್ಸು! ನಾನು ಹಣೆ ಹಣೆ ಚಚ್ಚಿಕೊಂಡೆ. ನಮ್ಮ ಸರ್ವೆ ಒಂದು ಕಂಪನಿಗೆ ಟೋಪಿ ಹಾಕಿದ್ದರೆ ನನಗೆ ನಿದ್ದೆ ಕೆಡುತ್ತಿರಲಿಲ್ಲ. ಈಗ ಅದು ಈ ಹುಡುಗಿಯ ಬದುಕಿಗೇ ಕೈಹಾಕಿತ್ತು. ಡೈರಿಯ ಕೆಲಸ ಕೈತಪ್ಪಿ, ಕೋರ್ಸಿನಿಂದಲೂ ಏನೂ ಆಗದಿದ್ದರೆ ಅವಳಪ್ಪ ಯುಗಾದಿಗೆ ಕಾಯುತ್ತಿದ್ದರು.

ಕಂಪನಿಯ ದೊಡ್ಡವರಿಗೇ ದೂರು ಕೊಟ್ಟೆ. ಪರಿಶೀಲನೆ ಮಾಡಿ ಎಂದು ಅವರು ನಿಶಾಂತನನ್ನು ಕಳಿಸಿದರು. ತಿಂಗಳು ಮುಗಿಯಲು ಇನ್ನೇನು ಬಂದಿತ್ತು. ಅವನು ಬೆಳಗಿನ ರೈಲಿಗೆ ಅರಸೀಕೆರೆಯಲ್ಲಿ ಇಳಿದು, ನೇರವಾಗಿ ಹಳೇಬೀಡಿಗೆ ಹೋಗಿಬಿಡೋಣ, ಅಂಗಡಿ ತೆಗೆಯೋ ಹೊತ್ತಿಗೆ ಸಿಗ್ತಾರೆ ಎಂದ. ಸ್ವಲ್ಪ ಇಡ್ಲಿ ಗಿಡ್ಲಿ ತಿಂದು ನಿಧಾನವಾಗಿ ಹೋಗೋ ಮಾರಾಯ ಎಂದರೆ ಕೇಳಲಿಲ್ಲ. ಸುಮಾಳನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಟೆವು.

ದೇವಸ್ಥಾನದ ಎದುರಿನ ಸಾಲಿನಲ್ಲಿ, ಸುಮಾ ಸರ್ವೆ ಮಾಡಿದ್ದ ಬಸವರಾಜುವಿನ ಅಂಗಡಿ. ಬಳಪದ ಕಲ್ಲಿನ ಆನೆ, ಗಣಪತಿ, ಟೋಪಿ, ಮಣಿಸರ ಇಷ್ಟೇ ಅಲ್ಲಿನ ವ್ಯಾಪಾರ. ಬಾಗಿಲಿಗೆ ನೀರು ಚಿಮುಕಿಸುತ್ತಿದ್ದವನು ನಮ್ಮನ್ನು ಕಂಡು ನಕ್ಕ. ಪ್ರವಾಸಿಗಳ ಬಸ್ಸು ಇನ್ನೂ ಒಂದೂ ಬಂದಿರಲಿಲ್ಲ.

"ನಿಮ್ಮ ವ್ಯವಹಾರದಲ್ಲಿ ಡೇಟಾ ಬಳಸ್ತೀರಾ?" ಎಂದು ನಿಶಾಂತ್ ಕೇಳಿದ.

"ಬಳಸ್ತೀವಿ ಸಾ. ಬಳಸ್ದೆ ಇರಕ್ಕಾಯ್ತದಾ?"

"ಅನಲಿಸ್ಟ್ ಬೇಕಾ ನಿಮಗೆ?"

"ಬೇಕು ಸಾ. ಈ ಮಗೀನೇ ಬಂದು ಕೇಳ್ತಲ್ಲ, ಬಾರವ್ವ ಅಂದಿವ್ನಿ."

ನಿಶಾಂತ್ ನನ್ನ ಕಡೆ ನೋಡಿ ಹುಬ್ಬೇರಿಸಿದ. ಸುಮಾಳ ಮುಖ ಅರಳಿತು. ನಾನು ಬ್ಯಾಗಿನಿಂದ ಪರ್ಸ್ ತೆಗೆದೆ.

"ಮೇಡಂ, ರೂಲ್ ಗೊತ್ತಲ್ಲ?" ಎಂದ ನಿಶಾಂತ್. ಟ್ಯಾಬ್ ಅವನ ಕೈಯಲ್ಲಿ ಕೇಳಿಸಿಕೊಳ್ಳುತ್ತಲೇ ಇತ್ತು.

"ನಿನಗಿಂತ ಮುಂಚಿನಿಂದ ಗೊತ್ತು" ಎಂದೆ. "ಬಸವರಾಜು, ಆ ಸಣ್ಣ ಆನೆ ಕೊಡಪ್ಪ."

ಚೌಕಾಸಿ ಮಾಡದೆ ಹೇಳಿದಷ್ಟು ಕೊಟ್ಟೆ. ಅವನು ನೋಟನ್ನು ಕಣ್ಣಿಗೊತ್ತಿಕೊಂಡು, ದೇವರ ಫೋಟೋಗೆ ತೋರಿಸಿ ಗಲ್ಲಾಪೆಟ್ಟಿಗೆಗೆ ಹಾಕಿ, ಆನೆಯನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗಿತ್ತ. ಬೋಣಿ ಆಯಿತು. ಈಗ ಹೇಳಪ್ಪ, ಅನಲಿಸ್ಟ್ ಬೇಕಾ ಎಂದು ಕೇಳಿದೆ.

"ಎಲ್ಲಿ ಅನಲಿಸ್ಟು ಬಿಡಿ ಅಕ್ಕ. ನನ್ನ ಹೆಂಡ್ತಿ ಬುತ್ತಿ ತಂದ್ರೆ ಕೂರಕ್ಕೇ ಇಲ್ಲಿ ಜಾಗ ಇಲ್ಲ. ಬಸ್ಸು ಬಂದ್ರೆ ವ್ಯಾಪಾರ, ಬರ್ದಿದ್ರೆ ಇಲ್ಲ. ಅದ್ಕೆ ಎಂಥ ಡೇಟಾ?"

ಸುಮಾ ಮುಂದೆ ಬಂದಳು. "ಅಣ್ಣ, ಮೊನ್ನೆ ಬಾ ಅಂದ್ರಲ್ಲ ನಂಗೆ?"

ಬಸವರಾಜು ಪೆಚ್ಚಾದ. "ಬಾಗ್ಲು ತೆಗೀತಿದ್ದಂಗೆ ಬಂದು ಕೆಲ್ಸ ಐತಾ ಅಂದ್ರೆ ಇಲ್ಲ ಅನ್ನಕ್ಕಾಯ್ತದೇನವ್ವ? ಬೋಣಿನೂ ಆಗಿರ್ಲಿಲ್ಲ, ಹೆಣ್ಣುಮಗ ಬೇರೆ. ನೀನು ಅದ್ನ ನಿಜ ಅನ್ಕೊಂಡು ಮತ್ತೆ ಬತ್ತೀಯ ಅಂತ ನಂಗೇನು ಗೊತ್ತು ತಾಯಿ."

ನಿಶಾಂತ್ ಟ್ಯಾಬಿನಲ್ಲಿ ಏನೋ ಒತ್ತುತ್ತಿದ್ದ. ಸದ್ಯ, ಇವನಿಗಾದರೂ ಅರ್ಥವಾಯಿತಲ್ಲ ಎಂದುಕೊಂಡು, ಏನು ಬರಕೊಂಡೆಯಪ್ಪ ಎಂದು ಕೇಳಿದೆ.

"ಎರಡನೇ ಉತ್ತರ ಇನ್‌ವ್ಯಾಲಿಡ್ ಮೇಡಂ. ದುಡ್ಡು ಕೊಟ್ಟ ಮೇಲೆ ಉತ್ತರ ಬದಲಾಯ್ತು."

"ಹಾಗಾದ್ರೆ ಯಾವುದು ಇಟ್ಕೋತೀಯ?"

"ಮೊದಲನೇದು."

ನಾನು ಇಷ್ಟು ವರ್ಷದಲ್ಲಿ ಮೇಲಿನವರ ಮುಂದೆ ದನಿ ಏರಿಸಿದವಳಲ್ಲ. ಅಂದು ಅಂಗಡಿಸಾಲೆಲ್ಲ ತಿರುಗಿ ನೋಡುವ ಹಾಗೆ ಕೂಗಾಡಿದೆ. ಕಣ್ಣೆದುರು ಮನುಷ್ಯ ನಿಂತು ನಿಜ ಹೇಳುತ್ತಿದ್ದಾನೆ, ನಿನ್ನ ಕಿವಿಗೇನಾಗಿದೆ ಎಂದೆ. ಅವನು ತಲೆ ತಗ್ಗಿಸಿಕೊಂಡು, "ನಂಗೆ ಅರ್ಥ ಆಗುತ್ತೆ ಮೇಡಂ, ಸಿಸ್ಟಂ ತಗೊಳಲ್ಲ" ಎಂದ. ಅವನನ್ನು ಬೈದು ಏನು ಬಂತು. ಬಸವರಾಜುವೇ ಪಾಪ ಎಂದುಕೊಂಡು ಎಲ್ಲರಿಗೂ ಟೀ ತರಿಸಿದ. ನಿಶಾಂತ್ ರೂಲಿನ ಪ್ರಕಾರ ಕುಡಿಯಲಿಲ್ಲ.

ವಾಪಸು ಹೊರಟ ಕಾರು ಹಾರನಹಳ್ಳಿ ಹತ್ತಿರ ಬಂದಾಗ ಸುಮಾ, "ಇಲ್ಲೇ ನಿಲ್ಸಿ, ಇಳೀತೀನಿ" ಎಂದಳು. ಯಾಕಮ್ಮ ಎಂದೆ. "ಸಿದ್ದೇಗೌಡ್ರು ಡೈರೀಲಿ ಇದ್ರೆ ಸೇರ್ಕತೀನಿ ಅಂತ ಹೇಳ್ಬಿಟ್ಟು ಬತ್ತೀನಿ" ಎಂದಳು, ನನ್ನ ಮುಖ ನೋಡದೆ. ಬಾಗಿಲು ಹಾಕಿ ನಡೆದುಹೋದಳು. ನಾನು ಗೆದ್ದಿದ್ದೆ. ಸಂತೋಷ ಮಾತ್ರ ಆಗಲಿಲ್ಲ. ಮನೆಗೆ ಬಂದು ಬ್ಯಾಗಿನಿಂದ ಆ ಆನೆ ತೆಗೆದಾಗ ಕಣ್ಣಲ್ಲಿ ನೀರು ಬಂತು.

ಬೋಣಿ ಮಾಡಿದ್ದಕ್ಕೆ ನನಗೊಂದು ಮೆಮೋ ಬಂತು. ಅದಾದ ಸ್ವಲ್ಪ ದಿನಕ್ಕೆ ಹಾರ, ಶಾಲು, ಮೈಸೂರುಪಾಕಿನೊಂದಿಗೆ ನಿವೃತ್ತಿಯೂ ಆಯಿತು. ತರಬೇತಿ ಕೇಂದ್ರ ಒಂದು ತಂಡವನ್ನು ಮುಗಿಸಿ ಬಾಗಿಲು ಹಾಕಿತು. ಕಲಿತ ಮಕ್ಕಳು ಅಂಗಡಿ ಅಂಗಡಿ ಅಲೆದರು. ರಿಪೋರ್ಟ್ ಮಾತ್ರ ಗಟ್ಟಿಯಾಗಿದೆ, ಈಗಲೂ ಸರ್ವೆಗಳ ಮೊದಲ ಪುಟದಲ್ಲಿ ಅದನ್ನೇ ಉದಾಹರಿಸುತ್ತಾರೆ ಎಂದು ಕೇಳಿದ್ದೇನೆ.

ನಾನೀಗ ಒಂದು ಹಸು ಕಟ್ಟಿಕೊಂಡು ಬೆಳಿಗ್ಗೆ ಡೈರಿಗೆ ಹಾಲು ಹಾಕುತ್ತೇನೆ. ಸುಮಾ ಅಲ್ಲೇ ಇದ್ದಾಳೆ. ಯುಗಾದಿ ಬಂತು, ಹೋಯಿತು, ಅವಳಪ್ಪ ಸುಮ್ಮನಾದರು. ಮೊದಮೊದಲು ನನ್ನೊಂದಿಗೆ ಬಿಗಿಯಾಗಿಯೇ ಇದ್ದಳು. ಆನೆಯನ್ನು ಅವಳ ಮೇಜಿನ ಮೇಲಿಟ್ಟು ಬಂದೆ. ಬೇಡ ಎನ್ನಲಿಲ್ಲ, ಕಾಗದ ಹಾರದ ಹಾಗೆ ಇಟ್ಟುಕೊಂಡಿದ್ದಾಳೆ.

ಹೋದ ಬೇಸಿಗೆಯಲ್ಲಿ ನಮ್ಮ ಡೈರಿಯ ಹಾಲು ಹುಳಿ ಬಂದಿದೆ ಎಂದು ಮೇಲಿಂದ ಮೇಲೆ ವಾಪಸು ಬರತೊಡಗಿತು. ಎಲ್ಲರೂ ಸೇರಿ ಕ್ಯಾನ್ ತೊಳೆಯುವ ಕೆಂಪಮ್ಮನ ಮೇಲೆ ಗೂಬೆ ಕೂರಿಸಿದರು. ಸರಿಯಾಗಿ ತೊಳೆಯಲ್ಲ, ಅವಳನ್ನು ಬಿಡಿಸಿ ಎಂದು ಕೂಗಾಟ. ಎರಡು ದಿನ ತಡೀರಿ ಎಂದಳು ಸುಮಾ. ವಾಪಸು ಬಂದ ದಿನಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಹಾಲು ಕೆಟ್ಟದ್ದೆಲ್ಲ ಸಂತೆಯ ದಿನವೇ ಎಂದು ತೋರಿಸಿದಳು. ಸಂತೆಯ ದಿನ ಹಾಲಿನ ಟೆಂಪೋ ಅರಸೀಕೆರೆಯ ಜನಜಂಗುಳಿಯಲ್ಲಿ ಸಿಕ್ಕಿಕೊಂಡು ಬಿಸಿಲಿನಲ್ಲಿ ನಿಲ್ಲುತ್ತಿತ್ತು. ಆ ದಿನ ಟೆಂಪೋ ಬೇಗ ಹೊರಡಲಿ ಎಂದಳು. ಹಾಗೇ ಮಾಡಿದರು, ಹಾಲು ಕೆಡುವುದು ನಿಂತಿತು. ಕೆಂಪಮ್ಮ ಇವತ್ತಿಗೂ ಕ್ಯಾನ್ ತೊಳೆಯುತ್ತಿದ್ದಾಳೆ.

ಕಳೆದ ವಾರ ಹಾಲು ಹಾಕಿ ನಿಂತಿದ್ದಾಗ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಒಬ್ಬ ಹೊಸಬ ಟ್ಯಾಬ್ ಹಿಡಿದು ಬಂದ. ನಮ್ಮದೇ ಕಂಪನಿ, ಅದೇ ಸರ್ವೆ, ಹೊಸ ಸುತ್ತು. ಬೆಳಿಗ್ಗೆಯೇ ಬಂದಿದ್ದ, ಆ ರೂಲು ಇನ್ನೂ ಇರಬೇಕು. ಆದರೆ ಡೈರಿಯಲ್ಲಿ ಬೋಣಿಯ ಮಾತಿಲ್ಲ, ಅದು ಹಾಲು ಕೊಳ್ಳುವ ಜಾಗ. ಅಲ್ಲಿ ಯಾವ ಹೊತ್ತಿನಲ್ಲೂ ಬಾಯಿ ತುಂಬ ಇಲ್ಲ ಎನ್ನಬಹುದು.

"ನಿಮ್ಮ ಸಂಸ್ಥೆಯಲ್ಲಿ ದತ್ತಾಂಶ ವಿಶ್ಲೇಷಕರು ಇದ್ದಾರೆಯೇ?"

"ಅಂಥೋರ್ ಯಾರೂ ಇಲ್ಲಪ್ಪ, ಇದು ಹಳ್ಳಿ ಡೈರಿ" ಎಂದರು ಸಿದ್ದೇಗೌಡರು. ಸುಮಾ ಅವರ ಪಕ್ಕದಲ್ಲೇ ಕಂಪ್ಯೂಟರಿನ ಮುಂದೆ ಕೂತಿದ್ದಳು.

"ಇದಾಳಲ್ಲಪ್ಪ, ಇಲ್ಲೇ!" ಎಂದೆ ನಾನು.

"ಅಜ್ಜಿ, ನೀವು ಇಲ್ಲಿ ಕೆಲಸ ಮಾಡ್ತೀರಾ?"

"ಇಲ್ಲ, ಹಾಲು ಹಾಕ್ತೀನಿ."

"ಹಾಗಾದ್ರೆ ನಿಮ್ಮ ಉತ್ತರ ತಗೊಳಕ್ಕೆ ಬರಲ್ಲ" ಎಂದು ಅವನು ಸಿದ್ದೇಗೌಡರ ಕಡೆ ತಿರುಗಿದ. "ಡೇಟಾ ಆಧರಿಸಿ ತೀರ್ಮಾನ ಮಾಡ್ತೀರಾ ಸರ್?"

"ಅದೇನೋ ಗೊತ್ತಿಲ್ಲ ಕಣಪ್ಪ. ಏನ್ ಮಾಡೋದಿದ್ರೂ ನಮ್ ಸುಮನ್ನ ಕೇಳಿ ಮಾಡ್ತೀವಿ."

"ಅಂದ್ರೆ ಇಲ್ಲ" ಎಂದು ಅವನು ಟ್ಯಾಬಿನ ಮೇಲೆ ಬೆರಳು ಒತ್ತಿದ.

ನಾನು ಬಾಯಿ ತೆರೆದೆ. ಸುಮಾ ಆನೆಯನ್ನು ಸರಿಸಿ ಅದರ ಕೆಳಗಿನ ಚೀಟಿ ತೆಗೆದುಕೊಳ್ಳುತ್ತ, "ಬಿಡಿ ಮೇಡಂ, ನೀವು ಕೂಗಾಡಿದ್ರೆ ಕ್ಲೀನ್ ಮಾಡ್ತಾರೆ" ಎಂದು ನಕ್ಕಳು. ಹಳೇಬೀಡಿನಿಂದ ಬಂದ ಮೇಲೆ ಅವಳು ನನ್ನೆದುರು ಹಾಗೆ ನಕ್ಕದ್ದು ಅದೇ ಮೊದಲು.

ಹೊರಗೆ ಟೆಂಪೋ ಹಾರ್ನ್ ಮಾಡಿತು. ಅಂದು ಸಂತೆ. ಅವಳು ಹೇಳಿದ ಹೊತ್ತಿಗೇ ಬಂದಿತ್ತು.